ಎರಡು ಪತ್ರಿಕೆಗಳ ನಡುವಿನ ಹೊತ್ತು

(ಪರೀಕ್ಷೆಗೆ ಕೂರಲಿರುವ ಪ್ರೌಢಶಾಲೆಯ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಉಳಿದದ್ದು ಆಡಿದಂತೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆಗೆ ನಿಲ್ಲಲು ಶುರುಮಾಡಿ ನನಗೆ ಬಹಳ ವರ್ಷಗಳಾದವು. ಆ ಮೂರು ಗಂಟೆ ನಾವು ಪುಸ್ತಕ ಓದುವಂತಿಲ್ಲ, ಯಾರ ಜೊತೆಗೂ ಮಾತಾಡುವಂತಿಲ್ಲ. ಮಕ್ಕಳ ಮುಖ ನೋಡುತ್ತ ಓಡಾಡುವುದೇ ಕೆಲಸ. ಹಾಗೆ ನೋಡಿ ನೋಡಿ ನನಗೊಂದು ವಿಷಯ ಗೊತ್ತಾಗಿದೆ. ಮೊದಲ ಪತ್ರಿಕೆಯ ದಿನ ಮಕ್ಕಳು ಹೆದರಿರುತ್ತಾರೆ, ಆದರೆ ಕಣ್ಣಲ್ಲಿ ಎಚ್ಚರ ಇರುತ್ತದೆ. ನಾಲ್ಕನೆಯದೋ ಐದನೆಯದೋ ಪತ್ರಿಕೆ ಬರುವಷ್ಟರಲ್ಲಿ ಹೆದರಿಕೆ ಇಳಿದಿರುತ್ತದೆ, ಎಚ್ಚರವೂ ಇಳಿದಿರುತ್ತದೆ. ಬರೆದು ಮುಗಿಸಿದವರು ಉತ್ತರ ತಿರುಗಿ ನೋಡದೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾರೆ. ನೋಂದಣಿ ಸಂಖ್ಯೆಯನ್ನೇ ತಪ್ಪಾಗಿ ಬರೆಯುತ್ತಾರೆ.

ಒಂದು ವರ್ಷ ಹೀಗೇ ಐದನೇ ಪತ್ರಿಕೆಯ ದಿನ, ಒಬ್ಬ ಹುಡುಗಿ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಹದಿನೈದು ನಿಮಿಷವಾದರೂ ಪೆನ್ನು ಎತ್ತಿರಲಿಲ್ಲ. ತರಗತಿಯಲ್ಲಿ ಚೆನ್ನಾಗಿ ಓದುವ ಮಗು. ಹತ್ತಿರ ಹೋಗಿ "ಏನಮ್ಮಾ, ಹುಷಾರಿಲ್ವಾ?" ಅಂದೆ. "ಮಿಸ್, ಓದ್ತಾನೇ ಇದ್ದೀನಿ. ಅಕ್ಷರ ಕಾಣ್ಸುತ್ತೆ, ಅರ್ಥ ಆಗ್ತಿಲ್ಲ" ಅಂದಳು. ನೀರು ಕುಡಿಯಲು ಹೇಳಿದೆ, ಎರಡು ನಿಮಿಷ ಕಣ್ಣು ಮುಚ್ಚಿ ಕೂರು ಅಂದೆ. ಆಮೇಲೆ ಬರೆದಳು, ಆದರೆ ತನಗೆ ಗೊತ್ತಿದ್ದುದರಲ್ಲಿ ಅರ್ಧವನ್ನೂ ಬರೆಯಲಿಲ್ಲ. ಹೊರಗೆ ಬಂದಾಗ ವಿಚಾರಿಸಿದರೆ, ಪರೀಕ್ಷೆ ಶುರುವಾದಂದಿನಿಂದ ಒಂಬತ್ತು ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಿದ್ದಾಳೆ. ಆ ಮಗುವಿಗೆ ಓದು ಕಡಿಮೆಯಾಗಿರಲಿಲ್ಲ. ಓದಿದ್ದನ್ನು ಹೊತ್ತು ತಂದು ಕಾಗದದ ಮೇಲೆ ಇಳಿಸುವ ತ್ರಾಣ ಉಳಿದಿರಲಿಲ್ಲ.

ಅದಕ್ಕೇ ಇವತ್ತು ನಾನು ಹೇಗೆ ಓದಬೇಕು, ಹೇಗೆ ಬರೆಯಬೇಕು ಎಂದು ಹೆಚ್ಚು ಹೇಳುವುದಿಲ್ಲ. ಅದನ್ನು ನಿಮ್ಮ ಶಿಕ್ಷಕರು ವರ್ಷವಿಡೀ ಹೇಳಿದ್ದಾರೆ. ಒಂದು ಪತ್ರಿಕೆ ಮುಗಿದು ಇನ್ನೊಂದು ಶುರುವಾಗುವ ತನಕದ ಹೊತ್ತು ಇದೆಯಲ್ಲ, ಅದರ ಬಗ್ಗೆ ಮಾತಾಡುತ್ತೇನೆ. ಮೂರು ವಾರದ ಪರೀಕ್ಷೆಯಲ್ಲಿ ನೀವು ಕೊಠಡಿಯೊಳಗೆ ಕೂರುವುದು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಗಂಟೆ. ಉಳಿದ ನಾನೂರೈವತ್ತಕ್ಕೂ ಹೆಚ್ಚು ಗಂಟೆ ಹೊರಗಿರುತ್ತೀರಿ. ಆ ಇಪ್ಪತ್ತೈದು ಗಂಟೆ ಹೇಗೆ ನಡೆಯುತ್ತದೆ ಎನ್ನುವುದನ್ನು ಈ ನಾನೂರೈವತ್ತು ಗಂಟೆ ತೀರ್ಮಾನಿಸುತ್ತದೆ.

ಒಂದೇ ಒಂದು ಪತ್ರಿಕೆ ಇದ್ದರೆ ನಿದ್ದೆಗೆಟ್ಟು, ಊಟ ಬಿಟ್ಟು, ಹೇಗೋ ದಾಟಿಬಿಡಬಹುದು. ಮೈ ಒಂದು ದಿನದ ಮಟ್ಟಿಗೆ ಸಾಲ ಕೊಡುತ್ತದೆ. ಮೂರು ವಾರಕ್ಕೆ ಕೊಡುವುದಿಲ್ಲ. ಇದರಲ್ಲಿ ಕಷ್ಟ ಏನೆಂದರೆ, ಸಾಲ ಏರುತ್ತಿರುವುದು ನಮಗೆ ಗೊತ್ತೇ ಆಗುವುದಿಲ್ಲ. 2003ರಲ್ಲಿ ಅಮೆರಿಕದ ನಿದ್ರಾ ವಿಜ್ಞಾನಿಗಳು ಆರೋಗ್ಯವಂತ ವಯಸ್ಕರನ್ನು ಪ್ರಯೋಗಾಲಯದಲ್ಲೇ ಇರಿಸಿಕೊಂಡು, ಕೆಲವರಿಗೆ ದಿನಕ್ಕೆ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆ ನಿದ್ದೆಗೆ ಅವಕಾಶ ಕೊಟ್ಟು 14 ದಿನ ಪರೀಕ್ಷಿಸಿದರು. ಆರು ಗಂಟೆಯವರ ಗಮನವೂ ನೆನಪೂ ದಿನದಿಂದ ದಿನಕ್ಕೆ ಕುಸಿಯುತ್ತ ಬಂತು. ಎರಡು ವಾರ ಮುಗಿಯುವಷ್ಟರಲ್ಲಿ, ನಿದ್ದೆಯೇ ಇಲ್ಲದೆ ಒಂದೆರಡು ರಾತ್ರಿ ಕಳೆದವರ ಮಟ್ಟಕ್ಕೆ ಅವರು ಇಳಿದಿದ್ದರು. ಆದರೆ "ನಿಮಗೆ ಎಷ್ಟು ನಿದ್ದೆ ಬರುತ್ತಿದೆ?" ಎಂದು ಕೇಳಿದರೆ, ಮೊದಲ ಕೆಲವು ದಿನ ಕಳೆದ ಮೇಲೆ ಅವರ ಉತ್ತರದಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ತಾವು ಹೊಂದಿಕೊಂಡಿದ್ದೇವೆ ಎಂದೇ ಅವರಿಗೆ ಅನ್ನಿಸುತ್ತಿತ್ತು.

"ನನಗೆ ಅಭ್ಯಾಸ ಆಗಿಹೋಗಿದೆ ಮಿಸ್, ಐದು ಗಂಟೆ ಸಾಕು" ಎಂದು ಯಾವುದಾದರೂ ಮಗು ಹೇಳಿದಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಅಭ್ಯಾಸ ಆಗಿರುವುದು ದಣಿವನ್ನು ಗಮನಿಸದೆ ಇರುವುದಕ್ಕೆ ಮಾತ್ರ. ಇನ್ನು ಆ ಪ್ರಯೋಗದಲ್ಲಿದ್ದವರು ದೊಡ್ಡವರು. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ.

ಇನ್ನೊಂದು ಲೆಕ್ಕ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎಡೆಬಿಡದೆ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05ರಷ್ಟು ಮದ್ಯದ ಅಂಶ ಇರುವವರ ಮಟ್ಟಕ್ಕೆ ಇಳಿದಿತ್ತು. ಎಷ್ಟೋ ದೇಶಗಳಲ್ಲಿ ಅಷ್ಟು ಮದ್ಯ ಇದ್ದರೆ ವಾಹನ ಓಡಿಸಲು ಬಿಡುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದವರಿಗೆ ಹದಿನೇಳು ಗಂಟೆ ತುಂಬುವುದು ರಾತ್ರಿ ಹತ್ತಕ್ಕೆ. ಹತ್ತರ ಮೇಲೆ ನೀವು ಪುಟ ತಿರುವುತ್ತೀರಿ, ಗೆರೆ ಎಳೆಯುತ್ತೀರಿ, ಓದಿದ್ದೇವೆ ಅನ್ನುವ ಸಮಾಧಾನವೂ ಸಿಗುತ್ತದೆ. ತಲೆಗೆ ಹೋಗುವುದು ಬಹಳ ಕಡಿಮೆ.

ನಿದ್ದೆಯನ್ನು ಓದಿನಿಂದ ಕದ್ದ ಹೊತ್ತು ಎಂದುಕೊಳ್ಳುವುದನ್ನು ದಯವಿಟ್ಟು ಬಿಟ್ಟುಬಿಡಿ. 1924ರಲ್ಲೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿದರು: ಒಂದೇ ಬಗೆಯ ಪಾಠವನ್ನು ಕಲಿತು ಮಲಗಿದಾಗ ನೆನಪಿನಲ್ಲಿ ಉಳಿದಷ್ಟು, ಕಲಿತು ಅಷ್ಟೇ ಗಂಟೆ ಎಚ್ಚರವಿದ್ದಾಗ ಉಳಿಯಲಿಲ್ಲ. ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವ ಕೆಲಸ ನಿದ್ದೆಯಲ್ಲಿ ನಡೆಯುತ್ತದೆ ಎಂಬುದು ಆಮೇಲಿನ ಸಂಶೋಧನೆಗಳಿಂದ ಇನ್ನಷ್ಟು ಸ್ಪಷ್ಟವಾಗಿದೆ. ಗಾಢ ನಿದ್ದೆ ರಾತ್ರಿಯ ಮೊದಲ ಪಾಲಿನಲ್ಲಿ ಹೆಚ್ಚು, ಕನಸಿನ ನಿದ್ದೆ ಬೆಳಗಿನ ಜಾವದ ಪಾಲಿನಲ್ಲಿ ಹೆಚ್ಚು. ತಡವಾಗಿ ಮಲಗಿದ ಮಗುವನ್ನು ನಾಲ್ಕಕ್ಕೇ ಅಲುಗಾಡಿಸಿ ಎಬ್ಬಿಸಿದರೆ ಆ ಎರಡನೇ ಪಾಲಿನ ಹೆಚ್ಚಿನ ಭಾಗವನ್ನು ಕತ್ತರಿಸಿದಂತೆ. ಹರೆಯದ ಮಕ್ಕಳಿಗೆ ರಾತ್ರಿ ನಿದ್ದೆ ಬರುವುದೂ ಸಹಜವಾಗಿಯೇ ತಡ. ಅವರ ಮೈಯೊಳಗಿನ ಗಡಿಯಾರ ಆ ವಯಸ್ಸಿನಲ್ಲಿ ಹಿಂದಕ್ಕೆ ಸರಿದಿರುತ್ತದೆ. ಅದನ್ನು ಸೋಮಾರಿತನ ಎಂದು ಬೈಯಬೇಡಿ. ಬೆಳಗ್ಗೆ ಎದ್ದ ಕೂಡಲೇ ಹೊರಗಿನ ಬೆಳಕಿಗೆ ಕರೆತನ್ನಿ, ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡಿ. ಗಡಿಯಾರ ನಿಧಾನವಾಗಿ ಮುಂದಕ್ಕೆ ಬರುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಹೊತ್ತಿಗೆ ಬರುತ್ತೇನೆ. ಪತ್ರಿಕೆ ಮುಗಿಸಿ ಗೇಟಿನ ಹೊರಗೆ ಕಾಲಿಟ್ಟ ಆ ಮೊದಲ ಅರ್ಧ ಗಂಟೆ.

ನಾನು ನಿಮ್ಮ ವಯಸ್ಸಿನಲ್ಲಿದ್ದಾಗ ಗಣಿತದ ಪತ್ರಿಕೆ ಬರೆದು ಖುಷಿಯಾಗಿ ಹೊರಗೆ ಬಂದೆ. ಗೇಟಿನ ಹತ್ತಿರ ಗೆಳತಿಯರು ಗುಂಪು ಕಟ್ಟಿಕೊಂಡು ಉತ್ತರ ತಾಳೆ ನೋಡುತ್ತಿದ್ದರು. ಒಂದು ದೊಡ್ಡ ಲೆಕ್ಕಕ್ಕೆ ಎಲ್ಲರದ್ದೂ ಒಂದು ಉತ್ತರ, ನನ್ನದು ಬೇರೆ. ಅಷ್ಟೇ. ಮನೆಗೆ ಹೋಗಿ ಸಂಜೆಯೆಲ್ಲ ಅತ್ತೆ. ಮಾರನೆಯ ದಿನ ರಜೆ ಇತ್ತು, ವಿಜ್ಞಾನ ಓದಬೇಕಾಗಿತ್ತು. ಪುಸ್ತಕ ತೆರೆದರೆ ಆ ಲೆಕ್ಕವೇ ಕಾಣುತ್ತಿತ್ತು. ಐದಾರು ಸಲ ಅದನ್ನೇ ಮತ್ತೆ ಮಾಡಿ ನೋಡಿದೆ. ಫಲಿತಾಂಶ ಬಂದಾಗ ಗಣಿತದಲ್ಲಿ ಅಂಥ ನಷ್ಟವೇನೂ ಆಗಿರಲಿಲ್ಲ, ಹಂತ ಹಂತಕ್ಕೂ ಅಂಕ ಇತ್ತು. ಅಂಕ ಹೋಗಿದ್ದು ವಿಜ್ಞಾನದಲ್ಲಿ. ಒಂದು ಪತ್ರಿಕೆಯ ತಪ್ಪಿಗೆ ಇನ್ನೊಂದು ಪತ್ರಿಕೆಯಿಂದ ದಂಡ ಕಟ್ಟಿದ್ದೆ. ಇವತ್ತಿಗೂ ಆ ಒಂದು ದಿನ ನೆನೆಸಿಕೊಂಡರೆ ಬೇಸರವಾಗುತ್ತದೆ. ಯಾರಾದರೂ ಒಬ್ಬರು ನನ್ನನ್ನು ಆ ಗುಂಪಿನಿಂದ ಆಚೆ ಕರೆದುಕೊಂಡು ಹೋಗಿದ್ದರೆ ಸಾಕಿತ್ತು.

ಅದಕ್ಕೇ ನನ್ನ ಮಕ್ಕಳಿಗೆ, ಅಂದರೆ ನನ್ನ ತರಗತಿಯ ಮಕ್ಕಳಿಗೆ, ಒಂದು ಕ್ರಮ ಹೇಳಿಕೊಟ್ಟಿದ್ದೇನೆ. ಪ್ರಶ್ನೆಪತ್ರಿಕೆಯನ್ನು ಕೊಠಡಿಯಲ್ಲೇ ಮಡಚಿ ಚೀಲದ ತಳಕ್ಕೆ ಹಾಕಿ. ಹೊರಗೆ ಬಂದು ಯಾರಾದರೂ "ಮೂರನೆಯದಕ್ಕೆ ಏನು ಬರೆದೆ?" ಅಂದರೆ "ಕೊನೇ ಪತ್ರಿಕೆ ಆದ್ಮೇಲೆ ಮಾತಾಡೋಣ" ಅನ್ನಿ. ಸ್ನೇಹ ಕೆಡುವುದಿಲ್ಲ. ಸ್ವಲ್ಪ ದೂರ ನಡೆಯಿರಿ. ಮನೆಗೆ ಬಂದು ಮುಗಿದ ವಿಷಯದ ಪುಸ್ತಕ, ನೋಟ್ಸು ಎಲ್ಲವನ್ನೂ ಮೇಜಿನಿಂದ ತೆಗೆದು ಕಣ್ಣಿಗೆ ಬೀಳದ ಕಡೆ ಇಡಿ. ನೋಡಲು ಇದು ಸಣ್ಣ ಕೆಲಸ, ಆದರೆ ಕೈ ಮಾಡಿದ್ದನ್ನು ಮನಸ್ಸು ನಂಬುತ್ತದೆ ಎನ್ನುವುದು ನನ್ನ ಅನುಭವ. ಊಟ ಮಾಡಿ. ಮಧ್ಯಾಹ್ನ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ ಮಲಗಿ. ಅದಕ್ಕಿಂತ ಹೆಚ್ಚು ಮಲಗಿದರೆ ಗಾಢ ನಿದ್ದೆಗೆ ಇಳಿದು, ಎದ್ದಾಗ ತಲೆ ಭಾರವಾಗುತ್ತದೆ, ರಾತ್ರಿ ನಿದ್ದೆಯೂ ತಪ್ಪುತ್ತದೆ. ಸಂಜೆ ಮುಂದಿನ ವಿಷಯವನ್ನು ಮೆಲ್ಲಗೆ ತೆರೆಯಿರಿ. ಆ ದಿನ ಹೊಸದನ್ನು ತುಂಬಿಕೊಳ್ಳುವ ದಿನವಲ್ಲ. ಯಾವ ಅಧ್ಯಾಯ ಗಟ್ಟಿ ಇದೆ, ಯಾವುದು ಸಡಿಲ ಇದೆ ಎಂದು ಗುರುತು ಹಾಕಿಕೊಂಡರೆ ಸಾಕು.

ಪತ್ರಿಕೆ ನಿಜವಾಗಿಯೂ ಕೆಟ್ಟಿದ್ದರೆ? ಕೆಟ್ಟಿರಬಹುದು. ಅಳು ಬಂದರೆ ಅಳಿ, ಮನೆಯವರೊಬ್ಬರ ಹತ್ತಿರ ಕೂತು ಎಲ್ಲ ಹೇಳಿಕೊಳ್ಳಿ. ತಡೆದುಕೊಂಡರೆ ಅದು ರಾತ್ರಿ ಹಾಸಿಗೆಗೆ ಬರುತ್ತದೆ. ಆದರೆ ಕತ್ತಲಾಗುವುದರೊಳಗೆ ಆ ಮಾತು ಮುಗಿಯಲಿ. ಬರೆದ ಉತ್ತರಪತ್ರಿಕೆ ಈಗ ನಿಮ್ಮ ಕೈಯಲ್ಲಿಲ್ಲ, ಮುಂದಿನದು ಇದೆ.

ಮಧ್ಯದ ರಜೆಗಳಲ್ಲಿ ಓದುವ ರೀತಿಯೂ ದಣಿವನ್ನು ಹೆಚ್ಚಿಸಬಹುದು, ಕಡಿಮೆಯೂ ಮಾಡಬಹುದು. ಬೆಳಗ್ಗಿಂದ ರಾತ್ರಿವರೆಗೂ ಅದೇ ಪಾಠವನ್ನು ನಾಲ್ಕು ಸಲ ಓದುವವರಿದ್ದಾರೆ. ನಾಲ್ಕನೇ ಸಲ ಓದುವಾಗ ಎಲ್ಲವೂ ಪರಿಚಿತ ಅನ್ನಿಸುತ್ತದೆ, ಗೊತ್ತಿದೆ ಅನ್ನಿಸುತ್ತದೆ. ಪರಿಚಿತವಾಗುವುದೂ ನೆನಪಿನಿಂದ ತೆಗೆಯಲು ಬರುವುದೂ ಬೇರೆ ಬೇರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅಳೆದರು. ಒಂದು ಗುಂಪು ಗದ್ಯಭಾಗವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ಮುಚ್ಚಿಟ್ಟು ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು: ಶೇ. 81, ಮುಚ್ಚಿಟ್ಟು ಬರೆದವರದು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಮತ್ತೆ ಓದಿದವರಲ್ಲಿ ಉಳಿದಿದ್ದು ಶೇ. 42, ಮುಚ್ಚಿಟ್ಟು ಬರೆದವರಲ್ಲಿ ಶೇ. 56. ಅರ್ಧ ಗಂಟೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಹತ್ತು ನಿಮಿಷ ಬರೆಯಿರಿ. ಬಾರದ್ದನ್ನು ಮಾತ್ರ ತೆರೆದು ನೋಡಿ. ಎದ್ದು ಐದು ನಿಮಿಷ ಓಡಾಡಿ. ಹೀಗೆ ದಿನಕ್ಕೆ ಆರೇಳು ಗಂಟೆ ಮಾಡಿದವರು, ಹನ್ನೆರಡು ಗಂಟೆ ಕೂತವರಿಗಿಂತ ಹೆಚ್ಚನ್ನು ಕಟ್ಟಿಕೊಂಡು ಬರುವುದನ್ನು ನಾನು ಕಂಡಿದ್ದೇನೆ. ಅವರಿಗೆ ಸಂಜೆ ಉಳಿದಿರುತ್ತದೆ.

"ಮಿಸ್, ಎಲ್ಲಾ ಮರೆತುಹೋಯ್ತು" ಎನ್ನುವ ಮಾತನ್ನು ಪ್ರತಿ ಪತ್ರಿಕೆಯ ಹಿಂದಿನ ದಿನ ಕೇಳುತ್ತೇನೆ. ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕೆಂದು ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲ ಒಂದು ದಿನದಲ್ಲಿ ಬಹಳ ವೇಗವಾಗಿ ನಡೆಯುತ್ತದೆ ಎಂದು ಎಲ್ಲರೂ ಅವನನ್ನು ನೆನೆಯುತ್ತಾರೆ. ನನಗೆ ಅವನ ಲೆಕ್ಕದ ಇನ್ನೊಂದು ತುದಿ ಇಷ್ಟ. ಒಂದು ದಿನದ ನಂತರ ಮತ್ತೆ ಕಲಿಯುವಾಗ ಅವನಿಗೆ ಮೊದಲಿನ ಶ್ರಮದಲ್ಲಿ ಮೂರನೇ ಒಂದು ಪಾಲು ಉಳಿತಾಯವಾಗುತ್ತಿತ್ತು. ಒಂದು ತಿಂಗಳು ಕಳೆದ ಮೇಲೂ ಐದನೇ ಒಂದು ಪಾಲು ಉಳಿತಾಯವಾಗುತ್ತಿತ್ತು. ತಲೆಬುಡ ಅರ್ಥವಿಲ್ಲದ ಅಕ್ಷರಗಳದ್ದೇ ಈ ಕಥೆ. ನೀವು ಅರ್ಥ ಮಾಡಿಕೊಂಡು ಕಲಿತ ಪಾಠ ಅದಕ್ಕಿಂತ ಎಷ್ಟೋ ಗಟ್ಟಿ. ಹಾಗಾಗಿ "ಮರೆತುಹೋಯ್ತು" ಅನ್ನಿಸಿದಾಗ ಹೌಹಾರಬೇಡಿ, ಒಂದು ಸಲ ಕಣ್ಣಾಡಿಸಿ. ಕೆಳಗೆ ಇದ್ದದ್ದು ಮೇಲೆ ಬರುತ್ತದೆ. ಹತ್ತು ಹನ್ನೆರಡು ದಿನದ ಆಚೆಗಿರುವ ಪತ್ರಿಕೆಗೂ ಎರಡು ಮೂರು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಕೊಡಿ, ನಂಟು ಕಡಿದುಹೋಗುವುದಿಲ್ಲ.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಿದುಳು ಮೈತೂಕದ ಶೇ. 2ರಷ್ಟಿದ್ದು, ಸುಮ್ಮನೆ ಕೂತಿದ್ದಾಗಲೂ ಮೈಯ ಶಕ್ತಿಯಲ್ಲಿ ಶೇ. 20ರಷ್ಟನ್ನು ಬಳಸುತ್ತದೆ. ಓದುವಾಗ ಅದಕ್ಕೆ ವಿಶೇಷ ತಿನಿಸೇನೂ ಬೇಡ, ಹೊತ್ತು ಹೊತ್ತಿಗೆ ಊಟ ತಪ್ಪದಿದ್ದರೆ ಆಯಿತು. ಪರೀಕ್ಷೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮೈಗೆ ರೂಢಿಯಿಲ್ಲದ್ದನ್ನು ಅವತ್ತು ತಿನ್ನಬೇಡಿ, ನೀರು ಮರೆಯಬೇಡಿ. ಕಾಫಿ, ಚಹಾ ಕುಡಿಯುವವರು ಒಂದು ಲೆಕ್ಕ ತಿಳಿದಿರಲಿ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಅದು ದಣಿವನ್ನು ಕಳೆಯುವುದಿಲ್ಲ, ದಣಿವಿನ ಸುದ್ದಿಯನ್ನು ಮಿದುಳಿಗೆ ತಲುಪಿಸುವ ಅಡೆನೊಸಿನ್ ಎಂಬ ವಸ್ತುವಿನ ದಾರಿಗೆ ಅಡ್ಡ ನಿಲ್ಲುತ್ತದೆ, ಅಷ್ಟೇ. ದಿನಕ್ಕೊಂದಿಷ್ಟು ಹೊತ್ತು ಮೈ ಬೆವರುವಂತೆ ಆಡಿ ಅಥವಾ ಬಿರಬಿರನೆ ನಡೆಯಿರಿ. ಪರೀಕ್ಷೆ ಬಂತೆಂದು ಆಟವನ್ನು ಪೂರ್ತಿ ನಿಲ್ಲಿಸಿದ ಮಕ್ಕಳು ಎರಡನೇ ವಾರಕ್ಕೆ ಸಿಡುಕುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಹೆದರಿಕೆ ಪೂರ್ತಿ ಹೋಗಬೇಕು ಎಂದು ನಾನು ಬಯಸುವುದಿಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನಶ್ಶಾಸ್ತ್ರಜ್ಞರು ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಕಂಡದ್ದು ಇದು: ಕಷ್ಟದ ಕೆಲಸ ಕಲಿಯುವಾಗ ಒತ್ತಡ ತೀರಾ ಕಡಿಮೆಯಾದರೂ ಕಲಿಕೆ ನಿಧಾನ, ತೀರಾ ಹೆಚ್ಚಾದರೂ ನಿಧಾನ, ಹದವಾಗಿದ್ದಾಗ ಚುರುಕು. ಎದೆ ಡವಡವ ಅನ್ನುವುದು ಮೈ ಸಿದ್ಧವಾಗುತ್ತಿದೆ ಎನ್ನುವುದರ ಗುರುತು. ಹದ ಮೀರಿದಾಗ ಮಾತ್ರ ತಗ್ಗಿಸಬೇಕು. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ಹೊರಬಿಡುವುದನ್ನು ನಿಧಾನ ಮಾಡಿ, ಎಳೆಯುವಾಗ ನಾಲ್ಕು ಎಣಿಸಿದರೆ ಬಿಡುವಾಗ ಏಳೆಂಟು ಎಣಿಸಿ. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ನಿಧಾನವಾಗುತ್ತದೆ. ಕೊಠಡಿಯಲ್ಲಿ ಕೂತು ಮಾಡಿದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಬಹಳ ಭಯಪಡುವ ಮಕ್ಕಳಿಗೆ ಇನ್ನೊಂದು ಉಪಾಯ ಇದೆ. ಪರೀಕ್ಷೆಗೆ ಹೋಗುವ ಮುನ್ನ ಹತ್ತು ನಿಮಿಷ, ಮನಸ್ಸಿನಲ್ಲಿರುವ ಭಯವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದುಬಿಡುವುದು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಬರೆದ ಭಯಗ್ರಸ್ತ ಮಕ್ಕಳು ಒಳ್ಳೆಯ ಅಂಕ ಪಡೆದಿದ್ದರು. ನನ್ನ ತರಗತಿಯಲ್ಲಿ ಕೆಲವರಿಗೆ ಇದು ಒಗ್ಗಿತು, ಕೆಲವರಿಗೆ ಒಗ್ಗಲಿಲ್ಲ. ಮಾದರಿ ಪರೀಕ್ಷೆಯಲ್ಲಿ ಒಮ್ಮೆ ಮಾಡಿ ನೋಡಿ.

ಮನೆಯವರಿಗೆ ನನ್ನದೊಂದು ಬೇಡಿಕೆ. ಮಗು ಹೊರಗೆ ಬಂದ ಕೂಡಲೇ "ಹೇಗಿತ್ತು? ಎಷ್ಟು ಬರಬಹುದು?" ಎಂದು ಕೇಳಬೇಡಿ. ಆ ಪ್ರಶ್ನೆ ಪ್ರೀತಿಯಿಂದಲೇ ಬರುತ್ತದೆ, ನನಗೆ ಗೊತ್ತು. ಆದರೆ ಮೂರು ಗಂಟೆ ಉತ್ತರ ಕೊಟ್ಟು ಬಂದ ಮಗುವಿಗೆ ಅದು ಇನ್ನೊಂದು ಪ್ರಶ್ನೆಪತ್ರಿಕೆ. ಚೀಲ ಈಸಿಕೊಳ್ಳಿ, "ಬಾ, ಊಟ ಮಾಡು" ಅನ್ನಿ. ಹೇಳಬೇಕು ಅನ್ನಿಸಿದರೆ ಮಗುವೇ ಹೇಳುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಮಗು ಸತತವಾಗಿ ಕೆಲವು ರಾತ್ರಿ ನಿದ್ದೆ ಮಾಡದಿದ್ದರೆ, ಊಟ ಸೇರದಿದ್ದರೆ, ಯಾರ ಜೊತೆಗೂ ಮಾತಾಡದೆ ಮುದುಡಿದ್ದರೆ, "ನಾನು ಇರಬಾರದಿತ್ತು" ಎನ್ನುವಂಥ ಮಾತು ಒಮ್ಮೆ ಬಂದರೂ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಅವತ್ತೇ ಜೊತೆಯಲ್ಲಿ ಕೂತು ಮಾತಾಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಮಕ್ಕಳೇ, ಗೆಳೆಯರಲ್ಲಿ ಯಾರಾದರೂ ಹೀಗಿದ್ದರೆ ನೀವೂ ದೊಡ್ಡವರೊಬ್ಬರಿಗೆ ಹೇಳಿ. ಯಾರಿಗೂ ಹೇಳಬೇಡ ಎಂದು ಅವರು ಆಣೆ ಹಾಕಿಸಿಕೊಂಡಿದ್ದರೂ ಹೇಳಿ. ಪತ್ರಿಕೆಯನ್ನು ಮತ್ತೆ ಬರೆಯಬಹುದು.

ಆ ಹುಡುಗಿಯ ವಿಷಯ ಅರ್ಧಕ್ಕೆ ಬಿಟ್ಟೆ. ಅವತ್ತು ಸಂಜೆ ಅವಳ ತಾಯಿಯ ಜೊತೆ ಮಾತಾಡಿದೆ. ಉಳಿದ ಪತ್ರಿಕೆಗಳಿಗೆ ರಾತ್ರಿ ಹತ್ತರೊಳಗೆ ಮಲಗಿಸಿದರು. ಎರಡು ದಿನ ಬಿಟ್ಟು ಬಂದಾಗ ಬಾಗಿಲಲ್ಲೇ ನನ್ನನ್ನು ನೋಡಿ ನಕ್ಕಳು. ಆರಂಭದ ದಿನ ಇದ್ದ ಮುಖ ತಿರುಗಿ ಬಂದಿತ್ತು.

ಕೊನೆಯಲ್ಲಿ ಪ್ರಶ್ನೆ ಕೇಳಿ ಎಂದಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ರಾತ್ರಿ ಹತ್ತು ಗಂಟೆ. ನಾಳೆ ಪತ್ರಿಕೆ. ಇನ್ನೂ ಎರಡು ಪಾಠ ಮುಟ್ಟೇ ಇಲ್ಲ. ಆಗ ಏನು ಮಾಡೋದು?"

ಅರ್ಧ ಗಂಟೆ ಇಟ್ಟುಕೋ, ಎರಡೂ ಪಾಠದ ತಲೆಬರಹ, ಚಿತ್ರ, ಸೂತ್ರ, ಪಾಠದ ಕೊನೆಯ ಸಾರಾಂಶ ಇಷ್ಟನ್ನು ನೋಡು, ಮುಚ್ಚಿಟ್ಟು ಒಂದು ಸಲ ಮನಸ್ಸಿನಲ್ಲೇ ಹೇಳಿಕೋ, ಪೆನ್ನು, ಪ್ರವೇಶಪತ್ರ ಚೀಲಕ್ಕೆ ಹಾಕು, ಮಲಗು ಅಂದೆ.

"ಆ ಎರಡು ಪಾಠದಿಂದಲೇ ದೊಡ್ಡ ಪ್ರಶ್ನೆ ಬಂದ್ರೆ?"

ಬಂದರೆ ಆ ಅರ್ಧ ಗಂಟೆಯಲ್ಲಿ ನೋಡಿದ್ದನ್ನು ಬರೆ. ನೀನು ಚೆನ್ನಾಗಿ ಓದಿರುವ ಇನ್ನೂ ಹತ್ತು ಪಾಠ ಇದೆಯಲ್ಲ, ಅದರಿಂದ ಬಂದ ಪ್ರಶ್ನೆಗಳಿಗೆ ನಾಳೆ ಬೆಳಗ್ಗೆ ಎಚ್ಚರವಾಗಿರುವ ತಲೆ ಬೇಕು.